ಟೇಕರಣ್ಣ

ಟೇಕರಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಅದು ಆಧಾರ್ ಕಾರ್ಡಿನಲ್ಲಿ, ಸಂಬಳದ ಚೀಟಿಯಲ್ಲಿ ಮತ್ತು ಮಾವನ ಮನೆಯವರ ಬಾಯಲ್ಲಿ ಮಾತ್ರ ಉಳಿದಿದೆ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಹಾಲಿನ ಬೂತಿನವನಿಂದ ಹಿಡಿದು ಗಣಪತಿ ಚಂದಾಕ್ಕೆ ಬರುವ ಹುಡುಗರವರೆಗೆ ಎಲ್ಲರಿಗೂ ಅವನು ಟೇಕರಣ್ಣ. ಅಮೆರಿಕದ ಟೀವಿ ಕುಸ್ತಿಯ ಅಂಡರ್‌ಟೇಕರ್ ಎಂಬ ಮಹಾನಾಮದ ತುಂಡು ಅದು. ಐದಡಿ ಐದಂಗುಲದ ದೇಹ, ಬೆಳಗ್ಗೆ ಒಂದು ಬಿ.ಪಿ. ಮಾತ್ರೆ, ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್ ಕೆಲಸ. ಹೆಸರಿಗೂ ಆಳಿಗೂ ತಾಳೆಯೇ ಇಲ್ಲ. ಆದರೆ ದೀಪ ಆರಿಸಿದ ಕೋಣೆಗೆ ಅವನು ಕಾಲಿಡುವಾಗ ಗಮನಿಸಬೇಕು. ಅಷ್ಟು ನಿಧಾನಕ್ಕೆ ಸ್ವಿಚ್ಚು ಹುಡುಕುವ ಮನುಷ್ಯ ಇನ್ನೊಬ್ಬನಿಲ್ಲ.

ನಿಮ್ಮ ಬೀದಿಯಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ವಯಸ್ಸು ನಲವತ್ತರ ಆಸುಪಾಸು, ಓಣಿಗೆ ಕೇಬಲ್ಲು ಬಂದಾಗ ಚಡ್ಡಿ ಹಾಕುತ್ತಿದ್ದವನು. ಪತ್ತೆ ಹಚ್ಚುವುದಕ್ಕೆ ಒಂದೇ ಪರೀಕ್ಷೆ ಸಾಕು: ಈಗಲೂ ಅವನ ಬಾಯಲ್ಲಿ ಆ ಕುಸ್ತಿ ಡಬ್ಲ್ಯೂಡಬ್ಲ್ಯೂಎಫ್. ಪಾಂಡಾ ಚಿತ್ರದ ವನ್ಯಜೀವಿ ಸಂಸ್ಥೆ ಅದೇ ಮೂರಕ್ಷರಕ್ಕಾಗಿ ಕೋರ್ಟು ಹತ್ತಿ ಗೆದ್ದು, 2002ರಲ್ಲಿ ಅಮೆರಿಕದ ಈ ಕುಸ್ತಿ ಕಂಪನಿ ಕೊನೆಯ ಎಫ್ ಕಿತ್ತು ಇ ಅಂಟಿಸಿಕೊಳ್ಳಬೇಕಾಯಿತು. "ಸ್ಕ್ರಿಪ್ಟ್ ಇಲ್ಲದೆ ಅವರು ಸೋತ ಮ್ಯಾಚು ಅದು. ಅದೂ ಯಾರ ಕೈಲಿ? ಪಾಂಡಾ ಕೈಲಿ!" ಅನ್ನುತ್ತಾನೆ ಟೇಕರಣ್ಣ. ಕೋರ್ಟಿನ ಆದೇಶ ಕಂಪನಿಗೇ ಹೊರತು ತನ್ನ ನಾಲಿಗೆಗಲ್ಲ ಎಂಬುದು ಅವನ ವಾದ.

ಅವನ ಬದುಕನ್ನು ಕಾಡಿದ ಪ್ರಶ್ನೆ ಒಂದೇ: "ಅದೆಲ್ಲ ಸುಳ್ಳಂತಲ್ಲಾ?" ಮದುವೆ ಊಟದ ಪಂಕ್ತಿಯಲ್ಲಿ, ಕ್ಷೌರದಂಗಡಿಯಲ್ಲಿ, ಹಲ್ಲು ಕೀಳಿಸಿಕೊಳ್ಳುವಾಗ, ಕೊನೆಗೆ ಹೆಣ್ಣು ನೋಡಲು ಹೋದಾಗ ಭಾವೀ ಮಾವನವರ ಬಾಯಿಂದಲೂ ಅದೇ ಪ್ರಶ್ನೆ. ಸಿನಿಮಾ ನೋಡಿ ಬಂದವನನ್ನು ಯಾರೂ ಹೀಗೆ ಅಡ್ಡಗಟ್ಟಿ ಕೇಳುವುದಿಲ್ಲ. ಜಗತ್ತಿನಲ್ಲಿ ಇಷ್ಟೊಂದು ಸುಳ್ಳು ಮರ್ಯಾದೆಯಾಗಿ ಓಡಾಡಿಕೊಂಡಿರುವಾಗ ತನ್ನ ಸುಳ್ಳಿಗೆ ಮಾತ್ರ ಯಾಕೆ ಈ ತಪಾಸಣೆ ಎಂದು ಅವನಿಗೆ ಬೇಸರ.

ಶಾಲೆಯಲ್ಲಿದ್ದಾಗ ಉತ್ತರ ಸರಳವಾಗಿತ್ತು: ಎಲ್ಲ ನಿಜ. ಅಂಡರ್‌ಟೇಕರ್‌ಗೆ ಏಳು ಜೀವ ಇದೆ ಎಂಬುದು ಆ ಕಾಲದ ಹುಡುಗರಿಗೆಲ್ಲ ಗೊತ್ತಿದ್ದ ಜೀವಶಾಸ್ತ್ರ. ವಾದ ಇದ್ದದ್ದು ಎಷ್ಟು ಮುಗಿದಿವೆ ಎಂಬುದರ ಬಗ್ಗೆ ಮಾತ್ರ. ಸಾಕ್ಷಿಯೂ ಇತ್ತು. 1994ರ ಜನವರಿಯ ರಾಯಲ್ ರಂಬಲ್‌ನಲ್ಲಿ ಯೊಕೊಜುನಾ ಎಂಬ ಗುಡ್ಡದಂಥ ಆಸಾಮಿಯ ಜೊತೆ ಒಂದು ಹಿಂಡೇ ಸೇರಿಕೊಂಡು ಅಂಡರ್‌ಟೇಕರನ್ನು ಶವಪೆಟ್ಟಿಗೆಗೆ ತುಂಬಿ ಮುಚ್ಚಳ ಹಾಕಿತು. ಆಮೇಲೆ ಆತನ ಆಕೃತಿ ಛಾವಣಿಯ ಕಡೆಗೆ ತೇಲಿಹೋಯಿತು. ಕಣ್ಣಾರೆ ಕಂಡ ಮೇಲೆ ಇನ್ನೇನು? ಕಾರ್ಡುಗಳಂತೂ ಅಂಗಡಿಯಲ್ಲಿ ಬಿಸ್ಕತ್ತಿಗಿಂತ ಜೋರಾಗಿ ಹೋಗುತ್ತಿದ್ದವು. ಎತ್ತರ, ತೂಕ, ಎದೆ ಸುತ್ತಳತೆ, ತೋಳಿನ ದಪ್ಪ, ಗೆದ್ದ ಕಾಳಗ, ಎಲ್ಲ ಅಚ್ಚು ಹಾಕಿದ್ದವು. ಮಗ್ಗಿ ಬಾರದ ಹುಡುಗರಿಗೂ ಈ ಅಂಕಿಗಳು ಬಾಯಿಪಾಠ. ಮನೆಯಲ್ಲಿ ಇದನ್ನು ಮಾಡಬೇಡಿ ಎಂದು ಟೀವಿಯಲ್ಲಿ ಬರುತ್ತಿದ್ದ ಎಚ್ಚರಿಕೆಯನ್ನು ಟೇಕರಣ್ಣ ಚಾಚೂ ತಪ್ಪದೆ ಪಾಲಿಸಿ, ಶಾಲೆಯ ಮೈದಾನದಲ್ಲಿ ಮಾಡುತ್ತಿದ್ದ. ಅವನ ತಮ್ಮನ ಎಡ ಮೊಣಕೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ.

ತಾವು ಆಡಿಸುತ್ತಿರುವುದು ಪಂದ್ಯವಲ್ಲ, ಮನರಂಜನೆ ಎಂದು ಕಂಪನಿಯೇ 1989ರಲ್ಲಿ ನ್ಯೂಜೆರ್ಸಿಯ ಸೆನೆಟ್ಟಿಗೆ ತಿಳಿಸಿಬಿಟ್ಟಿತ್ತು. ಕ್ರೀಡೆ ಅಂದರೆ ಸರ್ಕಾರದ ಕ್ರೀಡಾ ಆಯೋಗದ ಉಸ್ತುವಾರಿ, ಅದರ ಖರ್ಚು, ತೆರಿಗೆ. ನಾಟಕ ಅಂದರೆ ಆ ಕಾಟ ಇಲ್ಲ. ದುಡ್ಡಿನ ಮುಂದೆ ಗುಟ್ಟು ನಿಲ್ಲಲಿಲ್ಲ. ಆದರೆ ಆ ಸುದ್ದಿ ನಮ್ಮ ಓಣಿಯ ಕೇಬಲ್ ವೈರು ಹತ್ತಿ ಬರಲು ಬಹಳ ವರ್ಷ ಹಿಡಿಯಿತು. ಬಂದಾಗ ಟೇಕರಣ್ಣ ಪಿಯುಸಿಯಲ್ಲಿದ್ದ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಮೂರನೇ ದಿನ ಎದ್ದವನು ಹೊಸ ಮನುಷ್ಯ. ಅವತ್ತಿನಿಂದ ಅವನು ಸುಳ್ಳಿನೊಳಗಿನ ನಿಜ ಯಾವುದು, ಸುಳ್ಳು ಯಾವುದು ಎಂದು ಸೋಸುವ ಕೆಲಸಕ್ಕೆ ಕೂತ. ಬ್ಯಾಂಕಿನ ಕೌಂಟರಿನಲ್ಲಿ ನೋಟನ್ನು ಬೆಳಕಿಗೆ ಹಿಡಿದು ನೋಡುವ ಕಣ್ಣು ಅಲ್ಲೇ ಹದವಾಯಿತು ಎಂದು ನನ್ನ ಅನುಮಾನ.

ಅವನನ್ನು ಕೆರಳಿಸಬೇಕೆಂದರೆ 1996ರ 'ಖಿಲಾಡಿಯೋಂ ಕಾ ಖಿಲಾಡಿ' ಚಿತ್ರದ ಹೆಸರೆತ್ತಿ. ಅದರಲ್ಲಿ ಅಕ್ಷಯ್ ಕುಮಾರ್ ಅಂಡರ್‌ಟೇಕರ್ ಜೊತೆ ಬಡಿದಾಡುತ್ತಾನೆ. ದೇಶದ ಅರ್ಧ ಜನ ಇಂದಿಗೂ ಅದು ಅಸಲಿ ಅಂಡರ್‌ಟೇಕರ್ ಎಂದೇ ನಂಬಿದ್ದಾರೆ. "ಅದು ಬ್ರಯಾನ್ ಲೀ ಸ್ವಾಮಿ!" ಎಂದು ಟೇಕರಣ್ಣ ತಟ್ಟೆ ಬಿಟ್ಟು ಏಳುತ್ತಾನೆ. ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಶವಪೆಟ್ಟಿಗೆಯಿಂದ ತೇಲಿಹೋದವನು ಅದೇ 1994ರ ಆಗಸ್ಟಿನಲ್ಲಿ ಸಮ್ಮರ್‌ಸ್ಲ್ಯಾಮ್‌ನಲ್ಲಿ ಮರಳಿ ಬಂದನಲ್ಲ, ಆಗ ಅವನೆದುರು ಇನ್ನೊಬ್ಬ ಅಂಡರ್‌ಟೇಕರನನ್ನು ನಿಲ್ಲಿಸಿದ್ದರು. ಆ ನಕಲಿ ಪಾತ್ರ ಮಾಡಿದವನೂ ಇದೇ ಬ್ರಯಾನ್ ಲೀ. ಅಂದರೆ ನಮ್ಮ ಬಾಲಿವುಡ್‌ನವರು ಕರೆಸಿದ್ದು ಯಾರೋ ದಾರಿಹೋಕನನ್ನಲ್ಲ, ಕಂಪನಿಯೇ ಒಪ್ಪಿ ಮೊಹರು ಹಾಕಿದ ನಕಲಿಯನ್ನು. "ಸತ್ತು ಎದ್ದು ಬರೋನು ಅಂದ್ರೆ ಸುಳ್ಳು ಅಂತ ಒಪ್ಪಿದೀನಿ. ಆದ್ರೆ ಸತ್ತು ಎದ್ದು ಬರೋನು ಯಾರು ಅನ್ನೋದ್ರಲ್ಲಿ ಸುಳ್ಳು ಹೇಳಬಾರದು." ಈ ಮಾತನ್ನು ನಾನು ಮೂರು ಮದುವೆ, ಒಂದು ನಾಮಕರಣದಲ್ಲಿ ಕೇಳಿದ್ದೇನೆ. ಪ್ರತಿ ಸಲವೂ ಒಪ್ಪಿಕೊಂಡೇ ಮೇಲೆದ್ದಿದ್ದೇನೆ.

ಕೇನ್‌ನ ಕಥೆ ಇನ್ನೂ ಗೋಜಲು. 1997ರಲ್ಲಿ ಕೆಂಪು ಮುಖವಾಡ ಹಾಕಿಕೊಂಡು ಬಂದ ಕೇನ್ ಅಂಡರ್‌ಟೇಕರನ ತಮ್ಮ. ಬಾಲ್ಯದಲ್ಲಿ ಬೆಂಕಿಗೆ ಸಿಕ್ಕು ಬದುಕಿಕೊಂಡವನು, ಮಾತಾಡದವನು, ಸೇಡಿನ ಮೂರ್ತಿ. ಟೇಕರಣ್ಣ ಅವನನ್ನು ಕಂಡು ಹೆದರಿ ಹಜಾರದಲ್ಲಿ ಮಲಗುವುದು ಬಿಟ್ಟಿದ್ದ. ಆಮೇಲೆ ತಿಳಿಯಿತು: ಆತನ ನಿಜನಾಮ ಗ್ಲೆನ್ ಜೇಕಬ್ಸ್; ಅದಕ್ಕೂ ಹಿಂದೆ ಅದೇ ರಿಂಗ್‌ನಲ್ಲಿ ಹಲ್ಲಿನ ಡಾಕ್ಟರನ ಪಾತ್ರ ಹಾಕಿ ಯಾರಿಗೂ ರುಚಿಸದೆ ಹೋಗಿದ್ದ. ಮುಂದೆ 2018ರಲ್ಲಿ ಟೆನೆಸಿಯ ನಾಕ್ಸ್ ಕೌಂಟಿಗೆ ಮೇಯರ್ ಆಗಿ ಗೆದ್ದ. ಮನೆ ಕಂದಾಯ ಕಟ್ಟಲು ಕಾರ್ಪೊರೇಷನ್ನಿನ ಸಾಲಿನಲ್ಲಿ ನಿಂತಾಗಲೆಲ್ಲ ಟೇಕರಣ್ಣನಿಗೆ ಕೇನ್ ನೆನಪಾಗುತ್ತಾನೆ. "ನಮ್ಮೋರು ಮೊದಲು ಮೇಯರ್ ಆಗಿ ಆಮೇಲೆ ಮುಖವಾಡ ಹಾಕ್ತಾರೆ. ಅವನು ತೆಗೆದು ಆದ. ಯಾರು ಪ್ರಾಮಾಣಿಕ ಹೇಳಿ?" ಸಾಲಿನಲ್ಲಿ ಹಿಂದೆ ನಿಂತವರಿಗೆ ಕೇನ್ ಯಾರೆಂದು ಗೊತ್ತಿಲ್ಲದಿದ್ದರೂ ತಲೆಯಾಡಿಸುತ್ತಾರೆ. ಸಾಲು ಅಷ್ಟು ಉದ್ದ ಇರುತ್ತದೆ.

ಟೇಕರಣ್ಣನ ಪರಮ ವೈರಿ ಮನೆಯಲ್ಲೇ ಇದ್ದರು: ಸೋದರಮಾವ. ಗರಡಿಯ ಮಟ್ಟಿಯಲ್ಲಿ ಹೊರಳಿ ಬೆಳೆದ ಪೈಲ್ವಾನರು. ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನ ಬಂತೆಂದರೆ ಅವರಿಗೆ ಅನ್ನ ನೀರು ಬೇಡ. ಅಳಿಯನನ್ನು ಒಂದು ಸಲ ದೊಡ್ಡಕೆರೆ ಮೈದಾನದ ಪಕ್ಕದ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದರು. ಜಟ್ಟಿಗಳಿಬ್ಬರು ಒಬ್ಬರ ಕತ್ತಿಗೊಬ್ಬರು ಕೈಹಾಕಿ ಬಹಳ ಹೊತ್ತು ಹಾಗೇ ನಿಂತರು. ಟೇಕರಣ್ಣ ಆಕಳಿಸಿ, "ಮಾವ, ಇವರಿಗೆ ಎಂಟ್ರಿ ಮ್ಯೂಸಿಕ್ ಇಲ್ವಾ?" ಅಂದ. ಮಾವ ಬಸ್ಸಿಗೆ ದುಡ್ಡು ಕೊಟ್ಟು ಅವನನ್ನು ಅಲ್ಲಿಂದಲೇ ಮನೆಗೆ ಕಳಿಸಿದರು. ಇನ್ನೊಂದು ವರ್ಷ ಅರಮನೆಯ ವಜ್ರಮುಷ್ಟಿ ಕಾಳಗದ ಬಗ್ಗೆ ಬಾಯಿ ಬಿಟ್ಟು ಕೆಟ್ಟ. ವಿಜಯದಶಮಿಯ ದಿನ ತಲೆ ಬೋಳಿಸಿಕೊಂಡ ಜಟ್ಟಿಗಳು ಕಾದಾಡುತ್ತಾರೆ, ಒಬ್ಬರಿಗೆ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲುತ್ತದೆ. "ಕೊನೆಗೆ ರಕ್ತ ಬರುತ್ತೆ, ನಿಲ್ಲಿಸ್ತಾರೆ ಅಂತ ಅಲ್ಲೂ ಮೊದಲೇ ಗೊತ್ತಲ್ಲ ಮಾವ?" ಎಂದುಬಿಟ್ಟ. ಅಲ್ಲಿಯದು ಮುಷ್ಟಿಯ ಪೆಟ್ಟಿಗೆ ಬಂದ ರಕ್ತ, ಇವನ ದೇವರುಗಳದು ಮಣಿಕಟ್ಟಿನ ಪಟ್ಟಿಯಲ್ಲಿ ಬಚ್ಚಿಟ್ಟ ಬ್ಲೇಡಿನ ಚೂರಿನಿಂದ ತಾವೇ ಹಣೆ ಗೀರಿಕೊಂಡು ಬರಿಸುತ್ತಿದ್ದ ರಕ್ತ ಎಂಬ ವ್ಯತ್ಯಾಸವನ್ನು ಮಾವ ವಿವರಿಸಲು ಹೋಗಲಿಲ್ಲ. ದೀಪಾವಳಿಯವರೆಗೂ ಮಾತು ಬಿಟ್ಟರು.

ಅಂಥ ಮಾವ ಮಂಡಿ ನೋವಿನಿಂದ ಮನೆ ಹಿಡಿದ ಮೇಲೆ ಒಂದು ಸಂಜೆ ಅಳಿಯನ ಪಕ್ಕ ಕೂತು ಟೀವಿ ನೋಡಿದರಂತೆ. ಅಂಡರ್‌ಟೇಕರ್ ಎದುರಾಳಿಯನ್ನು ತಲೆಕೆಳಗಾಗಿ ಎತ್ತಿ ಅಪ್ಪಿಕೊಂಡು ಮಂಡಿಯೂರಿ ಕುಕ್ಕಿದ. ಟೂಂಬ್‌ಸ್ಟೋನ್. ಮಾವ ಮುಂದಕ್ಕೆ ಬಾಗಿ, "ಅದನ್ನ ಇನ್ನೊಂದ್ಸಲ ಹಾಕೋ" ಅಂದರು. ಹಾಕಿದ.

"ಅವನ ತಲೆ ನೆಲ ಮುಟ್ಲೇ ಇಲ್ಲ ಕಣೋ. ಇವನ ಮಂಡಿ ಮೊದಲು ಊರ್ತು. ತೊಡೆ ಮಧ್ಯ ತಲೆ ಇಟ್ಟು ಕಾಪಾಡ್ಕೊಂಡವ್ನೆ. ಇವನು ಬೀಳಿಸ್ತಿಲ್ಲ, ಇಳಿಸ್ತವ್ನೆ."

"ಅದೇ ಮಾವ, ಸುಳ್ಳು ಅಂತ ನೀವು..."

"ಸುಮ್ನಿರೋ. ಅಷ್ಟು ತೂಕದ ಆಳನ್ನ ಹಂಗೆ ಇಳಿಸೋಕೆ ಸೊಂಟದಲ್ಲಿ ಎಷ್ಟು ಕಸುವು ಬೇಕು ಗೊತ್ತಾ? ಇದು ಕುಸ್ತಿ ಅಲ್ಲ. ಇನ್ನೊಂದ್ಸಲ ಹಾಕು."

ಟೇಕರಣ್ಣ ಎಷ್ಟೋ ಪುಸ್ತಕ, ಸಂದರ್ಶನ ಓದಿ ತಿಳಿದದ್ದನ್ನು ಮಾವ ಎರಡು ಸಲ ನೋಡಿ ಹೇಳಿದ್ದರು. ಅಂದಿನಿಂದ "ಸುಳ್ಳಂತಲ್ಲಾ" ಅಂದವರಿಗೆ ಅವನ ಉತ್ತರ ಒಂದೇ: ಇಳಿಸುವುದರಲ್ಲಿ ಅಂಗುಲ ತಪ್ಪಿದರೆ ಏನಾಗುತ್ತದೆಂದು 1997ರ ಸಮ್ಮರ್‌ಸ್ಲ್ಯಾಮ್ ನೋಡಿ. ಓವನ್ ಹಾರ್ಟ್ ಇದೇ ಜಾತಿಯ ಪಟ್ಟನ್ನು ಮಂಡಿಯೂರದೆ ಕುಂಡೆಯೂರಿ ಹಾಕಿದ. ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ನನ ಕತ್ತಿಗೆ ನಿಜವಾಗಿಯೇ ಪೆಟ್ಟಾಗಿ ಕೈಕಾಲು ಆಡದೆ ಮಲಗಿಬಿಟ್ಟ. ಗೆಲ್ಲಬೇಕಾದವನು ಅವನೇ. ಹಾಗಾಗಿ ತೆವಳಿಕೊಂಡು ಬಂದು ಹೇಗೋ ಓವನ್ನನನ್ನು ಮಗುಚಿ ಗೆದ್ದ. ಓವನ್ ಮುಂದೆ 1999ರ ಮೇ ತಿಂಗಳಲ್ಲಿ ಕಾನ್ಸಾಸ್ ಸಿಟಿಯಲ್ಲಿ, ಛಾವಣಿಯಿಂದ ಹಗ್ಗದಲ್ಲಿ ಇಳಿದುಬರುವ ಎಂಟ್ರಿಯ ಹೊತ್ತಿಗೆ ಕೆಳಗೆ ಬಿದ್ದು ತೀರಿಕೊಂಡ. ಈ ಸಂಗತಿ ಬಂದಾಗ ಟೇಕರಣ್ಣ ತಮಾಷೆ ಮಾಡುವುದಿಲ್ಲ, ಮಾಡಲೂ ಬಿಡುವುದಿಲ್ಲ.

ಬರೆದಿಟ್ಟದ್ದು ತಪ್ಪಿ ಬೇರೇನೋ ನಡೆದುಬಿಡುವ ಗಳಿಗೆ ಅವನಿಗೆ ಪರಮ ಪ್ರಿಯ. 2005ರ ರಾಯಲ್ ರಂಬಲ್‌ನಲ್ಲಿ ಕೊನೆಗುಳಿದ ಜಾನ್ ಸೀನಾ ಮತ್ತು ಬಟಿಸ್ಟಾ ಇಬ್ಬರೂ ಒಟ್ಟಿಗೇ ಹಗ್ಗ ದಾಟಿ ಬಿದ್ದು ಔಟಾದರು. ಬಟಿಸ್ಟಾ ಗೆಲ್ಲಬೇಕಾಗಿತ್ತು. ಯಜಮಾನ ವಿನ್ಸ್ ಮೆಕ್‌ಮಹನ್ ಉರಿದುಕೊಂಡು ಓಡಿ ಬಂದು, ರಿಂಗಿಗೆ ನುಗ್ಗುವ ರಭಸದಲ್ಲಿ ಎರಡೂ ತೊಡೆಯ ಸ್ನಾಯು ಹರಿದುಕೊಂಡ. ಏಳಲಾಗದು. ಸಿಟ್ಟೂ ಇಳಿಯದು. ರಿಂಗಿನೊಳಗೆ ಮಗುವಿನ ಹಾಗೆ ಕೂತೇ ಆಜ್ಞೆ ಕೊಟ್ಟ. ಟೇಕರಣ್ಣ ಇದನ್ನು ಅಭಿನಯಿಸಿ ತೋರಿಸುತ್ತಾನೆ. ಬ್ಯಾಂಕಿನ ವಾರ್ಷಿಕೋತ್ಸವದಲ್ಲಿ ನೆಲಕ್ಕೆ ಕೂತೇ ಮ್ಯಾನೇಜರ ಕಡೆ ಬೆರಳು ತೋರಿಸಿ ಗದರಿದ್ದು ಅವನಿಗೆ ಸಿಕ್ಕ ಅತಿ ದೊಡ್ಡ ಚಪ್ಪಾಳೆ. ಬಡ್ತಿ ಮಾತ್ರ ಆ ವರ್ಷ ಬರಲಿಲ್ಲ.

ದೇಶಪ್ರೇಮದ ಪ್ರಸಂಗವೂ ಒಂದಿದೆ. 2006ರಲ್ಲಿ ಹಿಮಾಚಲದ ದಲೀಪ್ ಸಿಂಗ್ ರಾಣಾ, ಅಂದರೆ ಗ್ರೇಟ್ ಖಲಿ, ಅಂಡರ್‌ಟೇಕರನ್ನು ಅಂಗಾತ ಮಲಗಿಸಿ ಎದೆಯ ಮೇಲೆ ಕಾಲಿಟ್ಟ. ಓಣಿಯಲ್ಲಿ ಪಟಾಕಿ ಹೊಡೆದರು. ಟೇಕರಣ್ಣ ಕಿಟಕಿ ಮುಚ್ಚಿ ಕೂತ. "ಬಾವುಟ ಬೇರೆ, ಭಕ್ತಿ ಬೇರೆ" ಎಂದಷ್ಟೇ ಹೇಳಿದ. ಆದರೆ 2014ರ ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ರೆಸಲ್‌ಮೇನಿಯಾದಲ್ಲಿ ಬ್ರಾಕ್ ಲೆಸ್ನರ್ ಎದುರು ಅಂಡರ್‌ಟೇಕರನ 21 ರೆಸಲ್‌ಮೇನಿಯಾ ಗೆಲುವಿನ ಸರಪಳಿ ತುಂಡಾದದ್ದು ತಡೆದುಕೊಳ್ಳಲಾಗಲಿಲ್ಲ. ನಮಗೆ ಸೋಮವಾರ ಬೆಳಗ್ಗೆ. 'ಹತ್ತಿರದವರ ಮನೆಯಲ್ಲಿ ಅನಾಹುತ' ಎಂದು ರಜೆ ಚೀಟಿ ಕಳಿಸಿದ. ಮರುದಿನ ಮ್ಯಾನೇಜರು ಕನಿಕರದಿಂದ ವಿಚಾರಿಸಿದರೆ, "ಇಪ್ಪತ್ತೊಂದರವರೆಗೂ ಏನೂ ತೊಂದರೆ ಇರಲಿಲ್ಲ ಸಾರ್, ಇಪ್ಪತ್ತೆರಡನೇದಕ್ಕೆ ಹೀಗಾಯ್ತು" ಅಂದನಂತೆ. ಅವರು ವೈಕುಂಠ ಸಮಾರಾಧನೆ ಯಾವಾಗ ಎಂದು ಕೇಳಿದರು.

ಈಗ ಅವನ ಮಗನಿಗೂ ಹುಚ್ಚು ಹತ್ತಿದೆ, ಆದರೆ ಬೇರೆ ತರಹದ ಹುಚ್ಚು. ಆ ಹುಡುಗನಿಗೆ ಯಾರು ಗೆದ್ದರು ಎಂಬುದು ಮುಖ್ಯವಲ್ಲ. ಯಾರ ಕಾಂಟ್ರ್ಯಾಕ್ಟ್ ಯಾವಾಗ ಮುಗಿಯುತ್ತದೆ, ಯಾರ ಬುಕಿಂಗ್ ಸರಿಯಿಲ್ಲ, ಇದೇ ಚಿಂತೆ. ಹದಿನಾರು ವರ್ಷದವನು ಆಡಿಟರ್ ಹಾಗೆ ಕುಸ್ತಿ ನೋಡುತ್ತಾನೆ. ಅಮೆರಿಕದ ಸೋಮವಾರ ರಾತ್ರಿ ನಮಗೆ ಮಂಗಳವಾರ ಬೆಳಗ್ಗೆಯಾದ್ದರಿಂದ, ಟೇಕರಣ್ಣ ಸಂಜೆ ಬಂದು ನೋಡುವವರೆಗೂ ಮನೆಯಲ್ಲಿ ಯಾರೂ ಫಲಿತಾಂಶ ಉಸಿರೆತ್ತಬಾರದು. ಮಂಗಳವಾರ ಮಾಂಸ ಬಿಟ್ಟವರಿದ್ದಾರೆ. ಇವನ ಮನೆಯಲ್ಲಿ ಮಾತು ಬಿಡುತ್ತಾರೆ.

ಆ ಮೌನ ಮುರಿದದ್ದು ಹೆಂಡತಿ. ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದಾಕೆ ತಲೆ ಎತ್ತಿ ಒಂದು ಕ್ಷಣ ಪರದೆ ನೋಡಿ, "ರೀ, ಇವತ್ತು ಇವನೇ ಸೋಲೋದು" ಅಂದರು.

"ನಿನಗೆ ಯಾರು ಹೇಳಿದ್ದು? ಮೊಬೈಲ್ ನೋಡಿದ್ಯಾ?"

"ಮೊಬೈಲ್ ಯಾಕೆ ಬೇಕು? ಆಗಿಂದ ನಗ್ತಾನೇ ಇದಾನೆ. ಸೀರಿಯಲ್‌ನಲ್ಲಿ ಅತ್ತೆ ಹೀಗೆ ನಕ್ಕ ದಿನಾನೇ ಆಸ್ತಿ ಪತ್ರ ಕೈ ತಪ್ಪೋದು."

ಸೋತ. ಮುಂದಿನ ವಾರವೂ ಆಕೆ ಹೇಳಿದ ಹಾಗೇ ಆಯಿತು. ಈಗ ಟೇಕರಣ್ಣ ದೊಡ್ಡ ಮ್ಯಾಚಿನ ಹಿಂದಿನ ರಾತ್ರಿ ಏನೂ ಗೊತ್ತಿಲ್ಲದವನಂತೆ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಆಕೆ ಹೇಳಿದ್ದನ್ನು ಬ್ಯಾಂಕಿನಲ್ಲಿ ತನ್ನ ಮೂವತ್ತು ವರ್ಷದ ಅಧ್ಯಯನದ ಫಲ ಎಂದು ಹೇಳಿ, ಕಾಫಿ ಪಂತ ಗೆದ್ದುಕೊಂಡು ಬರುತ್ತಾನೆ. ಮೊನ್ನೆ ಒಂದು ಭವಿಷ್ಯ ಮಾತ್ರ ತಲೆಕೆಳಗಾಗಿ ಆರು ಕಾಫಿ ಸೋತ. ಮುಖ ಊದಿಸಿಕೊಂಡು ಮನೆಗೆ ಬಂದರೆ ಆಕೆಗೆ ಎಳ್ಳಷ್ಟೂ ಅಳುಕಿಲ್ಲ.

"ನಾನು ಹೇಳಿದ್ದೇ ಸರಿ ಕಣ್ರೀ. ಕಥೆ ಬರೆದವರು ತಪ್ಪು ಮಾಡಿದಾರೆ."

ಟೇಕರಣ್ಣ ಚೀಲ ಕೆಳಗಿಟ್ಟು, "ನಾನೂ 1994ರಿಂದ ಅದನ್ನೇ ಹೇಳ್ತಿರೋದು ಕಣೇ" ಅಂದ.