ವ್ಯಾಜ್ಯಾರಣ್ಯ

ಕಾಡುಪ್ರಾಣಿಗಳಿಗೆ ಜಾಗ ಗೊತ್ತುಮಾಡಲು ಸರಕಾರ ವೃಥಾ ಬೆವರು ಸುರಿಸುತ್ತಿದೆ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳ ಕರಡು ಅಧಿಸೂಚನೆ ಮೊದಲು ಹೊರಟದ್ದು 2014ರಲ್ಲಿ. 2024ರ ಜುಲೈಯಲ್ಲಿ ಬಂದದ್ದು ಆರನೆಯ ಕರಡು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಬೇಡವೆಂದಿತು. ಇಷ್ಟಕ್ಕೆ ಹತ್ತು ವರ್ಷ. ಅದೇ ಹತ್ತು ವರ್ಷದಲ್ಲಿ ನಮ್ಮ ಉಡುಪಿಯ ಅಂಬಲಪಾಡಿಯ ಒಂದು ಸಾಧಾರಣ ಕುಟುಂಬ ಏನು ಸಾಧಿಸಬಲ್ಲದೆಂದು ತಜ್ಞರು ಬಂದು ನೋಡಬೇಕು.

ವಿಧಾನ ಸರಳ. ಅಜ್ಜಿ ತೀರಿಕೊಳ್ಳಬೇಕು. ಅಳಿಯಸಂತಾನದ ಮನೆಯಾದರೆ ಇನ್ನೂ ಉತ್ತಮ. 1949ರ ಮದ್ರಾಸು ಕಾಯ್ದೆ ಕವರಿಗೆ, ಅಂದರೆ ಕುಟುಂಬದ ಕವಲಿಗೆ, ಪಾಲು ಕೇಳುವ ಹಕ್ಕು ಕೊಟ್ಟ ಮೇಲೆ ದಾವೆಗಾರರಿಗೆ ಬರವಿಲ್ಲ. ಮುಂಬಯಿಯಲ್ಲಿ ಹೋಟೆಲು ಇಟ್ಟ ಮಾವ, ದುಬಾಯಿಯ ಸೋದರಳಿಯ, ಊರಲ್ಲೇ ಉಳಿದ ದೊಡ್ಡಮ್ಮ, ಇವರಲ್ಲೊಬ್ಬರು ಕೋರ್ಟಿಗೆ ಹೋದರೆ ಸಾಕು, ಯಥಾಸ್ಥಿತಿ ಕಾಪಾಡಲು ಆದೇಶವಾಗುತ್ತದೆ. ಅಂದಿನಿಂದ ಮರ ಕಡಿಯುವಂತಿಲ್ಲ, ಮಣ್ಣು ಅಗೆಯುವಂತಿಲ್ಲ, ಮಾರುವಂತಿಲ್ಲ. ಕಾವಲುಗಾರ ಬೇಡ, ಪರಿಹಾರಧನ ಬೇಡ. ಆಕ್ಷೇಪಣೆಗಳು ರಾಶಿ ಬೀಳುತ್ತವೆ, ನಿಜ. ಆದರೆ ಎಲ್ಲವೂ ಒಬ್ಬರ ಮೇಲೊಬ್ಬರದು. ಪ್ರಾಣಿಗಳ ಮೇಲೆ ಒಂದೂ ಇಲ್ಲ.

ಕುದುರೆಮುಖವನ್ನೇ ನೋಡಿ. ಸುಮಾರು 600 ಚದರ ಕಿಲೋಮೀಟರ್ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸಿಂಗಳೀಕಗಳಿಗೆ ಸಂತೋಷ. ಗಣಿಯ ಸದ್ದು ನಿಂತದ್ದು ಮಾತ್ರ ಸುಪ್ರೀಂ ಕೋರ್ಟು ಹೇಳಿದ ಮೇಲೆ, 2005ರ ಕೊನೆಗೆ. ಅಲ್ಲೂ ಕಡೆಗೆ ಕೋರ್ಟೇ ಬೇಕಾಯಿತಲ್ಲ! ನಮ್ಮವರು ಮೊದಲೇ ಅಲ್ಲಿಗೆ ಹೋಗಿ 18 ವರ್ಷ ಉಳಿಸುತ್ತಾರೆ.

ಹೆದ್ದಾರಿಯ ಪಡುಬದಿಗೆ ಅಂಥದೊಂದು ಹಿತ್ತಿಲಿದೆ. ಸರ್ವೆ ನಂಬರು ಹೇಳಿದರೆ ನನ್ನನ್ನೂ ಪ್ರತಿವಾದಿ ಮಾಡಿಯಾರು, ಬಿಡಿ. ಗದ್ದೆ ಹಡಿಲು ಬಿದ್ದು ಪೊದೆ ಎದೆಯೆತ್ತರಕ್ಕೆ ಬಂದಿದೆ. ಮನೆಯ ಪಕ್ಕಾಸು ಕುಸಿದು, ಹೆಂಚು ಜಾರಿ, ಅಟ್ಟದಲ್ಲಿ ಪುನುಗುಬೆಕ್ಕಿನ ಸಂಸಾರ. ತುಳಸಿಕಟ್ಟೆಯ ಮೇಲೆ ಅದರ ಹಿಕ್ಕೆ. ಹಿಕ್ಕೆಯ ತುಂಬ ಬೈನೆಯ ಬೀಜ, ಒಂದೂ ಜೀರ್ಣವಾಗಿಲ್ಲ. ಮುಂಗುಸಿ ಹಾಡುಹಗಲೇ ಅಂಗಳ ದಾಟುತ್ತದೆ. ನಡುವಿನ ನಾಗಬನ ಕೋರ್ ವಲಯ, ಹಡಿಲು ಗದ್ದೆ ಬಫರ್. ನಾಗರಪಂಚಮಿಯಂದು ಮಾತ್ರ ಎಲ್ಲ ಕವರಿನವರೂ ಬರುತ್ತಾರೆ. ಒಬ್ಬರು ನಡೆಯುವಷ್ಟು ದಾರಿ ಸವರಿ, ಹಾಲು ಸೀಯಾಳದ ತನು ಎರೆದು, ಒಬ್ಬರ ಮುಖ ಒಬ್ಬರು ನೋಡದೆ ಹಿಂದಿರುಗುತ್ತಾರೆ. ಪ್ರವಾಸಿಗರ ಮೇಲೆ ಇಷ್ಟು ಬಿಗಿ ಸೋಮೇಶ್ವರ ಅಭಯಾರಣ್ಯದಲ್ಲೂ ಇಲ್ಲ.

ಒಂದು ದೊಡ್ಡ ಮೀಸಲು ಪ್ರದೇಶ ಮೇಲೋ, ಹಲವು ಚಿಕ್ಕವು ಮೇಲೋ ಎಂದು ಜೀವವಿಜ್ಞಾನಿಗಳು 1970ರ ದಶಕದಿಂದ ವಾದಿಸುತ್ತಲೇ ಇದ್ದಾರೆ. ಚಿಕ್ಕವಾದರೆ ನಡುವೆ ಕಾರಿಡಾರ್ ಬೇಕಂತೆ. ನಮ್ಮಲ್ಲಿ ಅದೂ ತಯಾರು: ಈ ದಾವೆಯ ಜಾಗಕ್ಕೆ ತಾಗಿ ಪಕ್ಕದ ಮನೆಯವರ ದಾವೆಯ ಜಾಗ, ಅದರಾಚೆ ತೋಡು, ತೋಡಿನಾಚೆ ಗಡಿ ತಕರಾರು. ನರಿ ಮನಸ್ಸು ಮಾಡಿದರೆ ಕಿದಿಯೂರಿಗೆ ಹೋಗಿಬರಬಹುದು.

ಕೊರತೆಯೇ ಇಲ್ಲವೆಂದಲ್ಲ. ಜಿಲ್ಲೆಯಲ್ಲಿ ನಾಯಿಯನ್ನೋ ಕೋಳಿಯನ್ನೋ ಅಟ್ಟಿಕೊಂಡು ಬಂದ ಚಿರತೆ ಕಟ್ಟೆಯಿಲ್ಲದ ಬಾವಿಗೆ ಬೀಳುವುದು, ಅರಣ್ಯ ಇಲಾಖೆಯವರು ಬೋನು ಇಳಿಸಿ ಎತ್ತುವುದು ಹೊಸತಲ್ಲ. ದಾವೆಯ ಜಾಗದ ಬಾವಿಗೆ ಕಟ್ಟೆ ಕಟ್ಟಬೇಕೆಂದರೆ ಖರ್ಚು ಯಾರದೆಂದು ತೀರ್ಮಾನಿಸಲು ಬೇರೆಯೇ ಮಧ್ಯಂತರ ಅರ್ಜಿ ಬೇಕು.

ಶತ್ರುಗಳೂ ಇದ್ದಾರೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳನ್ನು ಹುಡುಕಿ ಹುಡುಕಿ ನಾಟಿ ಮಾಡುವ ಆಂದೋಲನ ನಡೆಯಿತು. ಪುಣ್ಯಕ್ಕೆ ದಾವೆ ಇರುವಲ್ಲಿ ಒಪ್ಪಿಗೆಗೆ ಸಹಿ ಹಾಕುವವರು ಯಾರೆಂಬುದೇ ಇತ್ಯರ್ಥವಾಗಿರುವುದಿಲ್ಲ. ಅದಕ್ಕಿಂತ ಭೀಕರವಾದದ್ದು ಲೋಕ ಅದಾಲತ್. ಶನಿವಾರ ರಾಜಿಯಾದರೆ ಸೋಮವಾರ ಜೇಸಿಬಿ. ಇಂಥಲ್ಲಿ ವಾಯಿದೆಯ ಮೇಲೆ ವಾಯಿದೆ ಕೇಳಿ ಮೂರು ತಲೆಮಾರಿನ ಮುಂಗುಸಿಗಳನ್ನು ಸಾಕಿದ ವಕೀಲರಿಗೆ ಒಂದು ರಾಜ್ಯೋತ್ಸವ ಪ್ರಶಸ್ತಿಯಾದರೂ ಬೇಡವೇ?

ಮೊನ್ನೆ ಮುಂಬಯಿಯ ಮಾವ ಊರಿಗೆ ಬಂದವರು ದೊಡ್ಡಮ್ಮನ ಮನೆಯಲ್ಲಿ ಕೋರಿರೊಟ್ಟಿ ಉಂಡು, ಹೋಗುವಾಗ ಕಾಲಿಗೆ ಬಿದ್ದರಂತೆ. ವನ್ಯಜೀವಿ ವಿಭಾಗ ಕೂಡಲೇ ಮಧ್ಯಪ್ರವೇಶಿಸಬೇಕು.