ಸಲಹೆಗಾರ ಮೀಮಾಂಸೆ

ನಗರ ಯೋಜನೆ ಎಂಜಿನಿಯರಿಂಗಿಗೆ ಸೇರಿದ ವಿಷಯ ಎಂದು ನಂಬಿದವರು ಇನ್ನೂ ಇದ್ದಾರೆ. ಅದು ಕರ್ಮಕಾಂಡಕ್ಕೆ ಸೇರಿದ್ದು. ಬೆಂಗಳೂರಿನ ಮಾಸ್ಟರ್ ಪ್ಲಾನನ್ನು ಅರ್ಥಮಾಡಿಕೊಳ್ಳಲು ಹೊರಟ ವಾಸ್ತುಶಿಲ್ಪಿಗಳೂ ಅರ್ಥಶಾಸ್ತ್ರಜ್ಞರೂ ನಡುದಾರಿಯಲ್ಲೇ ಕೈಚೆಲ್ಲಿದ್ದಕ್ಕೆ ಕಾರಣ, ಅವರಲ್ಲಿ ಒಬ್ಬರೂ ಮೀಮಾಂಸಾಸೂತ್ರ ಬರೆದ ಜೈಮಿನಿಯನ್ನು ಓದಿರಲಿಲ್ಲ. ಆ ಕೊರತೆಯನ್ನು ನೀಗುವುದಕ್ಕಾಗಿ ಈ ಶಾಸ್ತ್ರ. ಇದಕ್ಕೆ ಅಧಿಕಾರಿಗಳು ಯಾರೆಂದರೆ, ಸ್ವಂತ ಸೈಟು ಉಳ್ಳವರು, ಸೈಟು ಬೇಕೆಂಬವರು, ಮತ್ತು ಸೈಟು ಇತ್ತು ಎಂದು ಹೇಳಿಕೊಳ್ಳುವವರು.

ಮೊದಲು ವಿಧಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ 1961ರ 13-ಡಿ ಪ್ರಕರಣವು ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸತಕ್ಕದ್ದು ಎನ್ನುತ್ತದೆ. ಇದು ಕಾಮ್ಯಕರ್ಮವೋ ನಿತ್ಯಕರ್ಮವೋ? ಕಾಮ್ಯವೆಂದರೆ ಫಲ ಬೇಕೆಂದು ಮಾಡುವುದು; ಮಳೆ ಬೇಕಾದವನು, ಮಗ ಬೇಕಾದವನು ಮಾಡುವಂಥದ್ದು. ನಿತ್ಯವೆಂದರೆ ಸಂಧ್ಯಾವಂದನೆಯ ಹಾಗೆ: ಮಾಡಿದರೆ ವಿಶೇಷ ಪುಣ್ಯವಿಲ್ಲ, ಬಿಟ್ಟರೆ ದೋಷ. ರಸ್ತೆ, ನೀರು, ಒಳಚರಂಡಿ ಬೇಕೆಂದು ಯೋಜನೆ ಮಾಡುತ್ತಾರೆಂದು ಭಾವಿಸುವ ಜನ ಇದನ್ನು ಕಾಮ್ಯವೆಂದು ತಿಳಿದು ನಿರಾಶರಾಗುತ್ತಾರೆ. ನಮ್ಮ ಸಿದ್ಧಾಂತದಲ್ಲಿ ಇದು ಶುದ್ಧ ನಿತ್ಯಕರ್ಮ. ಅದೂ ತುಸು ಕಾಲಾತಿಕ್ರಮದ ನಿತ್ಯಕರ್ಮ. 1972ರಲ್ಲಿ ಔಟ್‌ಲೈನ್ ಡೆವಲಪ್‌ಮೆಂಟ್ ಪ್ಲಾನಿಗೆ ಒಪ್ಪಿಗೆ; 1984ರಲ್ಲಿ ಸಿಡಿಪಿ, ಅಂದರೆ ಸಮಗ್ರ ಅಭಿವೃದ್ಧಿ ಯೋಜನೆ; 1995ರಲ್ಲಿ ಪರಿಷ್ಕೃತ ಸಿಡಿಪಿ; 2007ರಲ್ಲಿ 2015ರ ಪರಿಷ್ಕೃತ ಮಾಸ್ಟರ್ ಪ್ಲಾನು. 2015ಕ್ಕೆಂದು ಮಾಡಿದ ಯೋಜನೆಗೆ 2007ರಲ್ಲಿ ಉಪನಯನವಾಗಿ, ಅದು ತನ್ನ ಹೆಸರಿನ ವರ್ಷವನ್ನು ದಾಟಿ ಎಷ್ಟೋ ಕಾಲ ಬಾಳಿತು. ಬ್ರೋಕರುಗಳಂತೂ ಇಂದಿಗೂ ಅದನ್ನು ಸಿಡಿಪಿ ಎಂದೇ ಕರೆಯುತ್ತಾರೆ.

ಕರ್ಮವಿದ್ದ ಮೇಲೆ ಅದನ್ನು ನಡೆಸುವ ಋತ್ವಿಜರು ಬೇಕು; ಅವರೇ ಸಲಹೆಗಾರರು. ಇಲ್ಲಿ ಪೂರ್ವಪಕ್ಷಿಯೊಬ್ಬ ಎದ್ದು ನಿಲ್ಲುತ್ತಾನೆ. ಹೊರವರ್ತುಲ ರಸ್ತೆಯಾಚೆ ಥರ್ಟಿ-ಫಾರ್ಟಿ ಸೈಟು ಕೊಂಡಿರುವ ಗೃಹಸ್ಥ. “ಅಲ್ಲ ಸ್ವಾಮಿ, ಯೋಜನಾ ಪ್ರಾಧಿಕಾರದಲ್ಲೇ ನಗರ ಯೋಜಕರಿದ್ದಾರೆ. ಕಂದಾಯ ಇಲಾಖೆಯಲ್ಲಿ ಗ್ರಾಮ ನಕಾಶೆ ಇದೆ. ಕೆರೆ ಎಲ್ಲಿತ್ತು, ರಾಜಕಾಲುವೆ ಯಾವ ಸರ್ವೆ ನಂಬರಿನಲ್ಲಿ ಹರಿಯುತ್ತಿತ್ತು, ಎಲ್ಲ ಅದರಲ್ಲೇ ಬರೆದಿದೆ. ಹೊರಗಿನವರನ್ನು ಯಾಕೆ ಕರೆಯಬೇಕು?”

ಇದಕ್ಕೆ ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯೇ ಪ್ರಮಾಣ. ಯುಕ್ತಿಯೂ ಉಂಟು. ಒಳಗಿನ ಅಧಿಕಾರಿ ಬರೆದದ್ದು ಟಿಪ್ಪಣಿ. ಟಿಪ್ಪಣಿಗೆ ಸಹಿಯಿರುತ್ತದೆ, ಸಹಿಗೆ ಮನುಷ್ಯನಿರುತ್ತಾನೆ, ಮನುಷ್ಯನಿಗೆ ಲೋಕಾಯುಕ್ತ ನೋಟಿಸು ಬರಬಹುದು. ಸಲಹೆಗಾರ ಬರೆದದ್ದು ವರದಿ. ವರದಿಯನ್ನು ಸ್ವೀಕರಿಸಲಾಗುತ್ತದೆ, ಪರಿಶೀಲಿಸಲಾಗುತ್ತದೆ, ಮಾರ್ಪಾಡುಗಳಿಗೆ ಒಳಪಡಿಸಲಾಗುತ್ತದೆ. ಈ ಮೂರೂ ಕ್ರಿಯೆಗಳಿಗೆ ಕರ್ತೃವಿಲ್ಲ ಎಂಬುದನ್ನು ಜಾಣ ಓದುಗರು ಗಮನಿಸಿರಬಹುದು.

ಹಿಂದೆ ಯಜಮಾನನು ಋತ್ವಿಜರನ್ನು ಎದುರಿಗೆ ಕೂರಿಸಿ ವರಿಸುತ್ತಿದ್ದ. ಈಗ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಪೋರ್ಟಲಿನಲ್ಲಿ ವರಿಸಬೇಕು. ಗೋತ್ರ, ಪ್ರವರ, ಶಾಖೆಗಳ ಸ್ಥಾನದಲ್ಲಿ ವಾರ್ಷಿಕ ವಹಿವಾಟು, ಇಎಂಡಿ ಎಂಬ ಠೇವಣಿ, ಟೀಮ್ ಲೀಡರಿನ ಬಯೋಡೇಟಾ ಬಂದಿವೆ. ಇಂಥ ದೊಡ್ಡ ನಗರಕ್ಕೆ ಹಿಂದೆ ಯೋಜನೆ ಮಾಡಿರಬೇಕು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಆ ಯೋಜನೆಯಿಂದ ಆ ನಗರಕ್ಕೆ ಏನಾಯಿತು ಎಂಬುದಕ್ಕೆ ಅಂಕಗಳಿಲ್ಲ. ತಾಂತ್ರಿಕ ಬಿಡ್ ತೆರೆದು ಗುಣಕ್ಕೆ ಇಷ್ಟು ಪಾಲು, ಹಣಕ್ಕೆ ಇಷ್ಟು ಪಾಲು ಎಂದು ತೂಗುತ್ತಾರೆ. ಟೀಮ್ ಲೀಡರ್ ಎಂದು ಬಯೋಡೇಟಾದಲ್ಲಿ ಕಂಡ ಮಹನೀಯರು ಪ್ರೀ-ಬಿಡ್ ಸಭೆಯ ನಂತರ ಮತ್ತೆ ಕಾಣಿಸಿಕೊಳ್ಳಬೇಕೆಂಬ ನಿಯಮ ಶ್ರೌತಸೂತ್ರಗಳಲ್ಲಿ ಎಲ್ಲಿಯೂ ಇಲ್ಲ.

ಬೆಂಗಳೂರಿಗೆ 2015ರ ಯೋಜನೆಗಾಗಿ ಫ್ರಾನ್ಸಿನ ಸಂಸ್ಥೆ ಬಂತು. 2031ರದಕ್ಕಾಗಿ ಡಚ್ ಮೂಲದ ಸಂಸ್ಥೆ. ತಮ್ಮ ದೇಶದ ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದ್ದೂ ನೀರನ್ನು ಹೊರಗಿಟ್ಟು ಬದುಕಿದ ಜನ ಅವರು. ನಾವೋ ಸಮುದ್ರಕ್ಕಿಂತ 900 ಮೀಟರ್ ಮೇಲೆ ಕೂತು, ಒಂದು ಗಂಟೆ ಮಳೆಗೆ ಬೇಸ್‌ಮೆಂಟಿನಲ್ಲಿ ಕಾರು ತೇಲಿಸುವವರು. ಗುರುಶಿಷ್ಯರ ಜೋಡಿ ಇದಕ್ಕಿಂತ ಚೆನ್ನಾಗಿ ಕೂಡಿಬರುವುದು ಸಾಧ್ಯವಿರಲಿಲ್ಲ.

ಪ್ರಾಚೀನರ ಮತವೇ ಬೇರೆ. ಐತಿಹ್ಯದ ಪ್ರಕಾರ ಕೆಂಪೇಗೌಡರು ಈಗಿನ ದೊಡ್ಡಪೇಟೆ ಚಿಕ್ಕಪೇಟೆ ಕೂಡುವಲ್ಲಿ ಎತ್ತುಗಳಿಗೆ ನೇಗಿಲು ಕಟ್ಟಿಸಿ ನಾಲ್ಕು ದಿಕ್ಕಿಗೂ ಹೊಡೆಸಿದರು. ಉತ್ತ ಗೆರೆಗಳೇ ಬೀದಿಗಳಾದವು. ಎತ್ತುಗಳು ಇನ್ಸೆಪ್ಷನ್ ರಿಪೋರ್ಟ್ ಸಲ್ಲಿಸಲಿಲ್ಲ, ವಿಷನ್ ಸ್ಟೇಟ್‌ಮೆಂಟ್ ಬರೆಯಲಿಲ್ಲ. ಮೂರು ವರ್ಷದ ಲೆಕ್ಕಪರಿಶೋಧಿತ ಬ್ಯಾಲೆನ್ಸ್ ಶೀಟಂತೂ ಅವುಗಳ ಬಳಿ ಇರಲೇ ಇಲ್ಲ. ಆದ್ದರಿಂದ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆಗಳು ಇಂದಿಗೂ ವ್ಯಾಪಾರ ಮಾಡುತ್ತಿರುವುದನ್ನು ಆಕಸ್ಮಿಕವೆಂದೇ ಪರಿಗಣಿಸಬೇಕು.

ಇನ್ನೊಂದು ಅಪವಾದ ಪ್ಯಾಟ್ರಿಕ್ ಗೆಡ್ಡೆಸ್ ಎಂಬ ಸ್ಕಾಟಿಷ್ ಪಂಡಿತರದು. ಹೋಳ್ಕರರ ಇಂದೋರಿಗೆ ಸಲಹೆಗಾರರಾಗಿ ಬಂದವರು ಊರೆಲ್ಲ ನಡೆದರು. ಪ್ಲೇಗಿನ ಕಾಲ. ದೀಪಾವಳಿಗೆ ಮೆರವಣಿಗೆ ಹೊರಡಿಸಿ, ಕೊಳಕಿನ ರಾಕ್ಷಸನನ್ನೂ ಪ್ಲೇಗಿನ ಇಲಿಯನ್ನೂ ಬೀದಿಯಲ್ಲಿ ನಡೆಸಿ, ಜನರಿಂದಲೇ ಊರು ಗುಡಿಸಿಸಿದರು. ವರದಿ ಅಚ್ಚಾದದ್ದು ಆಮೇಲೆ, 1918ರಲ್ಲಿ. ಮೊದಲು ಊರು ಸ್ವಚ್ಛ, ಅನಂತರ ವರದಿ ಎಂಬ ಈ ಕ್ರಮಭಂಗವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ. ಯಾವ ಮೈಲ್‌ಸ್ಟೋನಿಗೆ ಯಾವ ಕಂತು ಬಿಡುಗಡೆ ಮಾಡುವುದು?

ಇನ್ನು ಪ್ರಮಾಣವಿಚಾರ. ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಹೇಳುತ್ತಾರೆ. ಪ್ರತ್ಯಕ್ಷ, ಅಂದರೆ ಹೋಗಿ ನೋಡುವುದು, ದರಪಟ್ಟಿಯಲ್ಲಿ ಇಲ್ಲವಾದ್ದರಿಂದ ಅದನ್ನು ಬಿಡುತ್ತೇವೆ. ಅನುಮಾನಕ್ಕೆ ಜನಸಂಖ್ಯೆಯೇ ಕ್ಷೇತ್ರ. 2021ರ ಜನಗಣತಿ ನಡೆಯದ ಕಾರಣ 2011ರ ಎಣಿಕೆಯನ್ನು ಹಿಡಿದೇ ಎಷ್ಟು ದೂರ ಬೇಕೋ ಅಷ್ಟು ಗೆರೆ ಎಳೆಯಬೇಕು. 2031ರ ಕರಡು ಎಳೆದ ಗೆರೆ 2.03 ಕೋಟಿಗೆ ಹೋಗಿ ಮುಟ್ಟಿತು. ಅನುಮಾನದ ಬಗ್ಗೆ ಇನ್ನೊಂದು ಮಾತು. ಎಲ್ಲಿ ಬೆಂಕಿಯಿಲ್ಲವೋ ಅಲ್ಲಿ ಹೊಗೆಯಿಲ್ಲ, ಕೆರೆಯಲ್ಲಿ ಹೇಗೋ ಹಾಗೆ, ಎಂದು ತಾರ್ಕಿಕರು ಶತಮಾನಗಳಿಂದ ಶಿಷ್ಯರಿಗೆ ಪಾಠ ಹೇಳಿಕೊಂಡು ಬಂದಿದ್ದರು. ಬೆಳ್ಳಂದೂರು ಕೆರೆ 2017ರ ಫೆಬ್ರುವರಿಯಲ್ಲಿ ಹೊತ್ತಿ ಉರಿದು ಈ ದೃಷ್ಟಾಂತವನ್ನು ಖಂಡಿಸಿತು. ಭಾರತೀಯ ತರ್ಕಶಾಸ್ತ್ರಕ್ಕೆ ಬೆಂಗಳೂರಿನ ಮೂಲಭೂತ ಕೊಡುಗೆ ಇದು. ವಿದ್ವಾಂಸರು ಇನ್ನೂ ಇತ್ತ ಕಣ್ಣು ಹಾಯಿಸಿಲ್ಲ.

ಉಪಮಾನ ಪ್ರಮಾಣದ ಹಳೆಯ ಉದಾಹರಣೆ ಕಾಡುಪಶು. ಅದು ಹಸುವಿನಂತಿರುತ್ತದೆ ಎಂದು ಕೇಳಿದವನು ಕಾಡಿಗೆ ಹೋಗಿ ಅದನ್ನು ಕಂಡು ಗುರುತು ಹಿಡಿಯುತ್ತಾನೆ. ಎಸ್.ಎಂ. ಕೃಷ್ಣ ಅವರ ಕಾಲದಿಂದ ನಮ್ಮ ಉಪಮಾನ ಸಿಂಗಪುರ. ಬೆಂಗಳೂರು ಸಿಂಗಪುರದಂತಿರುತ್ತದೆ ಎಂದು ಕೇಳಿದವನು ಸಂಜೆ ಏಳಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು, ಓಹೋ ಇದೇ ಅದು, ಎಂದು ತಿಳಿಯುವುದೇ ಉಪಮಿತಿ.

ಅರ್ಥಾಪತ್ತಿ ಇನ್ನೂ ಸೊಗಸು. ದಪ್ಪಗಿರುವ ದೇವದತ್ತ ಹಗಲಲ್ಲಿ ಉಣ್ಣುವುದಿಲ್ಲ. ಆದಕಾರಣ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಬೇಕು. ಅದೇ ರೀತಿ, ಮಂಜೂರಾದ ನಕ್ಷೆಯಲ್ಲಿ ಮೂರು ಅಂತಸ್ತು, ಎದುರಿಗೆ ನಿಂತಿರುವ ಕಟ್ಟಡಕ್ಕೆ ಆರು. ಉಳಿದ ಮೂರು ರಾತ್ರಿ ಬಂದಿರಬೇಕು. ಅನುಪಲಬ್ಧಿಯೆಂದರೆ ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಕಾಣುತ್ತವೆ, ಕೆರೆಗಳು ಕಾಣುವುದಿಲ್ಲ, ಆದ್ದರಿಂದ ನಕಾಶೆಯಲ್ಲಿ ನೀಲಿ ಬೇಡ. ಮಳೆ ಬಂದಾಗ ನೀರು ಮಾತ್ರ ಹಳೆಯ ವಿಳಾಸಕ್ಕೇ ಬರುತ್ತದೆ, ಅದು ಮೀಮಾಂಸೆ ಓದಿಲ್ಲ. ಆರನೆಯದಾದ ಶಬ್ದ ಪ್ರಮಾಣವನ್ನು ಕೊನೆಗೆ ಎತ್ತಿಕೊಳ್ಳೋಣ.

ಯೋಜನೆಯ ಗ್ರಂಥದಲ್ಲಿ ಎಲ್ಲ ವಾಕ್ಯಗಳಿಗೂ ಒಂದೇ ಬಲವಿಲ್ಲ. ಮೊದಲ ಸಂಪುಟದ ನುಣುಪು ಹಾಳೆಗಳಲ್ಲಿ ಬರುವ ಸುಸ್ಥಿರ, ಸಮಗ್ರ, ಎಲ್ಲರನ್ನೂ ಒಳಗೊಂಡ, ಜಾಗತಿಕ ದರ್ಜೆಯ ಎಂಬುವೆಲ್ಲ ಅರ್ಥವಾದ. ಸ್ತುತಿಯೇ ಅದರ ಕೆಲಸ, ಅದರಿಂದ ಯಾರಿಗೂ ಬಾಧ್ಯತೆ ಹುಟ್ಟುವುದಿಲ್ಲ. ವಲಯ ನಿಯಮಗಳೇ ವಿಧಿ. ಇನ್ನು ನಿಷೇಧ: 2015ರ ಯೋಜನೆಯಲ್ಲಿ ಕೆರೆಯಿಂದ 30 ಮೀಟರ್, ರಾಜಕಾಲುವೆಯ ದರ್ಜೆ ನೋಡಿ 50, 25, 15 ಮೀಟರ್ ಕಟ್ಟಬಾರದು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ನಡುವಣ ಮೂರು ವರ್ಷ ಕೆರೆಯಿಂದ ನಲವತ್ತು ಮೀಟರ್ ದೂರದಲ್ಲಿದ್ದ ಮನೆಗಳು ಏಕಕಾಲಕ್ಕೆ ಇರತಕ್ಕವೂ ಅಲ್ಲದೆ ಇರಬಾರದವೂ ಅಲ್ಲದೆ ನಿಂತಿದ್ದವು. ಅದ್ವೈತಿಗಳು ಇದನ್ನೇ ಅನಿರ್ವಚನೀಯ ಎನ್ನುವುದು.

ನಿಷೇಧ ಮೀರಿದವರಿಗೆ ಪ್ರಾಯಶ್ಚಿತ್ತವುಂಟು. 1961ರ ಅದೇ ಯೋಜನಾ ಅಧಿನಿಯಮದ 14-ಎ ಪ್ರಕರಣದಂತೆ ಶುಲ್ಕ ಕಟ್ಟಿ ಭೂ ಬಳಕೆ ಬದಲಾವಣೆ ಪಡೆಯಬಹುದು. ಸಲಹೆಗಾರ ವರ್ಷಗಟ್ಟಲೆ ಬಣ್ಣ ತುಂಬಿದ ಹಸಿರು ಚೌಕ ಒಂದು ಆದೇಶದಿಂದ ವಾಸದ ಹಳದಿಯಾಗುತ್ತದೆ. ಮಹಾಪ್ರಾಯಶ್ಚಿತ್ತ ಅಕ್ರಮ ಸಕ್ರಮ. ವಾಸದ ಕಟ್ಟಡದಲ್ಲಿ ಅರ್ಧದಷ್ಟು, ವಾಣಿಜ್ಯದಲ್ಲಿ ಕಾಲುಭಾಗದಷ್ಟು ಉಲ್ಲಂಘನೆಯನ್ನು ದಂಡ ತೆತ್ತು ತೊಳೆದುಕೊಳ್ಳುವ ಈ ವ್ರತಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಮಗೆ ಇಲ್ಲಿ ಒಂದು ಸೂಕ್ಷ್ಮ ಸಂದೇಹವಿದೆ. ಉಳಿದ ಶಾಸ್ತ್ರಗಳಲ್ಲಿ ಕರ್ಮ ಮೊದಲು, ಲೋಪ ಆಮೇಲೆ, ಪ್ರಾಯಶ್ಚಿತ್ತ ಕೊನೆಗೆ. ಇಲ್ಲಿ ಪ್ರಾಯಶ್ಚಿತ್ತ ಬರುತ್ತದೆಂಬ ಭರವಸೆಯ ಮೇಲೆ ಲೋಪ ಮೊದಲಾಗುತ್ತದೆ, ಕರ್ಮವು ಟೆಂಡರಿನಲ್ಲಿರುತ್ತದೆ.

ಪೂರ್ವಪಕ್ಷಿ ಮತ್ತೆ ಎದ್ದ. “ಇಷ್ಟೆಲ್ಲ ಮಾಡಿ ಫಲವೇನು?”

ಯಜ್ಞ ಇವತ್ತು ಮುಗಿಯುತ್ತದೆ, ಸ್ವರ್ಗ ಸತ್ತ ಮೇಲೆ. ನಡುವಣ ಕಂದರ ದಾಟಿಸಲು ಮೀಮಾಂಸಕರು ಅಪೂರ್ವ ಎಂಬ ಅದೃಶ್ಯ ಶಕ್ತಿಯನ್ನು ಒಪ್ಪುತ್ತಾರೆ. 2031ರ ಕರಡು 2017ರ ನವೆಂಬರಿನಲ್ಲಿ ಹೊರಬಿತ್ತು. ಆಕ್ಷೇಪಣೆಗೆ 60 ದಿನ ಕೊಟ್ಟರು. ಜನ ಸಾವಿರಗಟ್ಟಲೆ ಬರೆದುಕೊಟ್ಟರು. 2020ರಲ್ಲಿ ಸರ್ಕಾರ ಕರಡನ್ನೇ ಹಿಂತೆಗೆದುಕೊಂಡಿತು. 2041ರ ಯೋಜನೆಯ ಮಾತು ಶುರುವಾಯಿತು. ಸಾಮಾನ್ಯರು ಇದನ್ನು ನಷ್ಟವೆನ್ನುತ್ತಾರೆ. ಅಪೂರ್ವವು ನಾಶವಾಗುವುದಿಲ್ಲ, ಹತ್ತು ವರ್ಷ ಮುಂದಕ್ಕೆ ಹೋಗುತ್ತದೆ ಅಷ್ಟೆ.

“ಫಲ ಯಾರಿಗೆ?” ಎಂದ. ಬಿಡುವ ಆಸಾಮಿಯಲ್ಲ.

ಯಜಮಾನನಿಗೆ. ದಕ್ಷಿಣೆ ಪಡೆದ ಋತ್ವಿಜನಿಗೆ ಫಲದಲ್ಲಿ ಪಾಲಿಲ್ಲ. ಆದರೆ ಯಜಮಾನ ಯಾರು ಎಂಬಲ್ಲಿ ಶಾಸ್ತ್ರ ತೊಡಕಿಗೆ ಬೀಳುತ್ತದೆ. ಸಂವಿಧಾನದ 243-ಜೆಡ್‌ಇ ವಿಧಿಯ ಪ್ರಕಾರ ಮಹಾನಗರದ ಯೋಜನೆಯನ್ನು ಸಿದ್ಧಪಡಿಸಬೇಕಾದದ್ದು ಮಹಾನಗರ ಯೋಜನಾ ಸಮಿತಿ. ಅದರ ಸದಸ್ಯರಲ್ಲಿ ಮೂರನೆಯ ಎರಡು ಭಾಗದಷ್ಟಾದರೂ ಚುನಾಯಿತರಿಂದ ಆರಿಸಿ ಬಂದಿರಬೇಕು. ಬೆಂಗಳೂರು ಪಾಲಿಕೆಯ ಚುನಾಯಿತರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆ ಮೇಲೆ ವರ್ಷಗಳು ಉರುಳಿದರೂ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಯೇ ಎಲ್ಲವೂ ಆದರು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಪಾಲಿಕೆ ಐದಾಯಿತು. ಜೈಮಿನಿಯ ಆರನೆಯ ಅಧ್ಯಾಯದಲ್ಲಿ ಈ ಬಗ್ಗೆ ಖಚಿತ ನಿರ್ಣಯವಿದೆ: ಭತ್ತ ಸಿಗದಿದ್ದರೆ ಕಾಡುಭತ್ತ ಬಳಸಬಹುದು, ದ್ರವ್ಯಕ್ಕೆ ಪ್ರತಿನಿಧಿಯುಂಟು. ಯಜಮಾನನಿಗೆ ಪ್ರತಿನಿಧಿಯಿಲ್ಲ.

“ಹಾಗಾದರೆ ನಾವೇ ವಾರ್ಡುವಾರ್ಡಿನಲ್ಲಿ ಕೂತು ಬರೆದುಕೊಂಡರೆ?”

ಅದಕ್ಕೂ ಶಾಸ್ತ್ರದಲ್ಲಿ ಜಾಗವಿದೆ. ಸತ್ರಯಾಗ ಎನ್ನುತ್ತಾರೆ. ಅದರಲ್ಲಿ ಋತ್ವಿಜರೇ ಯಜಮಾನರು, ಫಲ ಎಲ್ಲರಿಗೂ ಸಮ. ಆದರೆ ಸತ್ರದಲ್ಲಿ ದಕ್ಷಿಣೆಯಿಲ್ಲ. ದಕ್ಷಿಣೆಯಿಲ್ಲದ ಕರ್ಮಕ್ಕೆ ಟೆಂಡರ್ ಕರೆಯಲು ಬಾರದು, ಟೆಂಡರಿಲ್ಲದ ಕರ್ಮಕ್ಕೆ ಕಡತ ತೆರೆಯಲು ಬಾರದು. ಆದ್ದರಿಂದ ಅದು ವೇದದಲ್ಲಿರಬಹುದು, ವಿಧಾನಸೌಧದಲ್ಲಿಲ್ಲ.

ಪೂರ್ವಪಕ್ಷಿ ಸುಸ್ತಾಗಿ ಕೂತ. ಬಂದ ಉದ್ದೇಶ ಈಗ ಹೊರಬಿತ್ತು. “ಅದೆಲ್ಲ ಇರಲಿ ಸ್ವಾಮಿ. ನನ್ನ ಸೈಟು 2015ರ ನಕಾಶೆಯಲ್ಲಿ ಹಸಿರು. ಮುಂದಿನ ನಕಾಶೆಯಲ್ಲಿ ಹಳದಿ ಆಗತ್ತೋ ಇಲ್ಲವೋ? ಅದೊಂದು ಹೇಳಿಬಿಡಿ, ಮಗಳ ಮದುವೆಗೆ ಮಾರಬೇಕು.”

ಇಲ್ಲೇ ನಾವು ತೆಗೆದಿರಿಸಿದ್ದ ಶಬ್ದ ಪ್ರಮಾಣಕ್ಕೆ ಅವಕಾಶ. ಪ್ರತ್ಯಕ್ಷಕ್ಕೆ ಸಿಗದ, ಅನುಮಾನಕ್ಕೆ ನಿಲುಕದ ವಿಷಯದಲ್ಲಿ ಆಪ್ತನ ಮಾತೇ ಪ್ರಮಾಣ. ಈ ವಿಷಯದಲ್ಲಿ ಆಪ್ತ ಯಾರು? ಸಲಹೆಗಾರನಲ್ಲ, ಅವನು ಇನ್ನೂ ಆಯ್ಕೆಯಾಗಿಲ್ಲ. ಪ್ರಾಧಿಕಾರವಲ್ಲ, ಅದು ಪರಿಶೀಲಿಸುತ್ತಿದೆ. ನಾವು ಅವನನ್ನು ಲೇಔಟಿನ ತಿರುವಿನಲ್ಲಿ, ಬೇಕರಿಯ ಪಕ್ಕದ ರಿಯಲ್ ಎಸ್ಟೇಟ್ ಆಫೀಸಿಗೆ ಕಳಿಸಿದೆವು. ಅಲ್ಲಿಯ ಗೌಡರು ಅವನಿಗೆ ಟೀ ತರಿಸಿ, ಸರ್ವೆ ನಂಬರ್ ಕೇಳಿ, ಗೋಡೆಯ ಮೇಲಿನ ನಕಾಶೆಯತ್ತ ತಿರುಗಿಯೂ ನೋಡದೆ, “ಈಗ ಮಾರಬೇಡಿ ಸಾರ್, ಎರಡು ವರ್ಷ ಇಟ್ಕೊಳ್ಳಿ” ಎಂದರಂತೆ.