ಸುರಂಗ ಮೀಮಾಂಸೆ

ಪ್ರತಿಯೊಂದು ಹಳೆಯ ಕೋಟೆಯಿಂದಲೂ ದೂರದ ಯಾವುದೋ ಊರಿಗೆ ಸುರಂಗವಿದ್ದೇ ಇರುತ್ತದೆ. ಇದು ಪ್ರಥಮ ಸೂತ್ರ. ಅದರ ಬಾಯಿಗೆ ಬೀಗ ಬಿದ್ದಿರುತ್ತದೆ. ಇದು ದ್ವಿತೀಯ. ಬಾಯಿ ತೆರೆದೇ ಇದ್ದು, ನಾಲ್ಕು ಮಾರು ದೂರದಲ್ಲಿ ಗೋಡೆ ಎದುರಾದರೆ ಅದನ್ನು ಬ್ರಿಟಿಷರು ಕಟ್ಟಿಸಿದ್ದೆಂದು ತಿಳಿಯತಕ್ಕದ್ದು.

ಪ್ರಮಾಣ ಯಾವುದು? ಒಳಗೆ ಕತ್ತಲೆಯಾದ್ದರಿಂದ ಪ್ರತ್ಯಕ್ಷ ಸಲ್ಲದು. ಶಬ್ದಪ್ರಮಾಣವೇ ಗತಿ: "ನಮ್ಮ ತಾತ ಒಳಗೆ ಹೋಗಿದ್ರಂತೆ." ತಾತ ತುದಿ ಮುಟ್ಟದೆ ಮರಳಿದ್ದೇಕೆ? ದೀಪ ಆರಿತು.

ಇಲ್ಲಿ ಪೂರ್ವಪಕ್ಷ. ಶ್ರೀರಂಗಪಟ್ಟಣದಿಂದ ಕಾವೇರಿಯ ಅಡಿಯಲ್ಲೇ ಮೈಸೂರಿಗೆ ದಾರಿಯಿದ್ದರೆ, 1799ರ ಮೇ 4ರಂದು ಟಿಪ್ಪು ಕೋಟೆಬಾಗಿಲ ಬಳಿ ಕಾದಾಡಿ ಸತ್ತದ್ದೇಕೆ? 1565ರ ಸೋಲಿನ ಬಳಿಕ ತಿರುಮಲರಾಯ ಹಂಪಿಯ ಸಂಪತ್ತನ್ನು ಆನೆಗಳ ಮೇಲೆ ಹೇರಿಕೊಂಡು, ಊರೆಲ್ಲ ನೋಡುವಂತೆ ಪೆನುಕೊಂಡೆಗೆ ಓಡಿದ್ದೇಕೆ? ಸಿದ್ಧಾಂತ: ಸುರಂಗಗಳು ಪರಮಗುಪ್ತ. ರಾಜರಿಗೂ ಗೊತ್ತಿರಲಿಲ್ಲ, ಗೈಡುಗಳಿಗೆ ಮಾತ್ರ ಗೊತ್ತು.

ಎಂಜಿನಿಯರುಗಳದು ಬೇರೆ ತಕರಾರು. ಬೆಂಗಳೂರು ಮೆಟ್ರೊದ 'ಊರ್ಜಾ' ಯಂತ್ರ ಕಂಟೋನ್ಮೆಂಟಿನಿಂದ ಶಿವಾಜಿನಗರಕ್ಕೆ, ಒಂದು ಕಿಲೋಮೀಟರೂ ಇಲ್ಲದ ದೂರ ಕೊರೆದು 2021ರಲ್ಲಿ ಹೊರಬರಲು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಹಾಗಿರುವಾಗ ಗವಿಪುರದ ಗುಡಿಯಿಂದ ಶಿವಗಂಗೆಗೆ ಕೊರೆದವರು ಯಾರು? ಅಂದು ಟೆಂಡರ್ ಇರಲಿಲ್ಲ ಎಂಬುದನ್ನು ಇವರು ಮರೆಯುತ್ತಾರೆ. ಅಗೆದ ಮಣ್ಣೆಲ್ಲಿ ಎಂದು ಇನ್ನೂ ಹಟ ಹಿಡಿದರೆ ಶಿವಗಂಗೆಯ ಬೆಟ್ಟ ತೋರಿಸಬೇಕು. (ಅದು ಹೆಬ್ಬಂಡೆಯಲ್ಲವೇ ಎಂದು ಕೇಳುವವರ ಜೊತೆ ವಾದಕ್ಕಿಳಿಯಬಾರದು.)

ಕೊನೆಯದಾಗಿ ಸುರಂಗಾಭಾಸ, ಅಂದರೆ ಸುರಂಗದಂತೆ ತೋರಿಯೂ ಸುರಂಗವಲ್ಲದ್ದು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಎಂಬ ನೀರುಗಾಲುವೆ ಇದೆ. ನೆಲದಡಿ ಸುಮಾರು 3 ಕಿಲೋಮೀಟರು, ನಡುನಡುವೆ ಗಾಳಿ ಬೆಳಕಿಗೆ ಬಾವಿಗಳು. ವಿಜಯಪುರಕ್ಕೆ ತೊರವಿಯಿಂದ ನೀರು ತಂದ ಸುರಂಗ ಬಾವಡಿ ಇದೆ. ಅಡ್ಯನಡ್ಕದ ಬಳಿ ಅಮೈ ಮಹಾಲಿಂಗ ನಾಯ್ಕರು ಅಡಕೆ ತೋಟಕ್ಕಾಗಿ ಒಬ್ಬರೇ ಗುಡ್ಡ ಕೊರೆದರು, ಹಲವು ಸಲ ಸೋತು ಕೊನೆಗೆ ನೀರು ಕಂಡರು, 2022ರಲ್ಲಿ ಪದ್ಮಶ್ರೀ ಪಡೆದರು. ಇವೆಲ್ಲ ಕಣ್ಣಿಗೆ ಕಾಣುತ್ತವೆ, ಒಳಗೆ ಹೋದವರು ಹೊರಗೂ ಬರುತ್ತಾರೆ, ಹರಿಯುವುದು ಬರೀ ನೀರು. ಒಬ್ಬ ರಾಜನಾದರೂ ಪರಾರಿಯಾಗಿಲ್ಲ. ಆದ್ದರಿಂದ ಶಾಸ್ತ್ರದಲ್ಲಿ ಇವಕ್ಕೆ ಸ್ಥಾನವಿಲ್ಲ, ಮತ್ತು ಕರೇಜಿನ ಬಾವಿಗಳಲ್ಲಿ ಕಸ, ಹೂಳು ತುಂಬಿದ್ದು ಶಾಸ್ತ್ರಸಮ್ಮತವೇ ಆಗಿತ್ತು. ಒಳಗೆ ನಿಧಿ ಇದೆಯೆಂದು ಯಾರಾದರೂ ಮೊದಲೇ ಗುಲ್ಲೆಬ್ಬಿಸಿದ್ದರೆ ಹೂಳೆತ್ತುವ ಖರ್ಚು ಸರ್ಕಾರಕ್ಕೆ ಉಳಿಯುತ್ತಿತ್ತು.